ಜೀಪೋ, ಮೆಟಡೋರೋ

ಜೀಪೋ ಮೆಟಡೋರೋ ಎನ್ನುವುದು ಅಂಥ ಘನವಾದ ಪ್ರಶ್ನೆಯೇನಲ್ಲ. ಆದರೆ ಶಿವಲೀಲಾ ಮತ್ತು ಗುರುಸಿದ್ಧ ಎಂಬ ಗಂಡ ಹೆಂಡತಿ ಮದುವೆಯಾದ ವರ್ಷದಿಂದ ಅದೊಂದನ್ನೇ ಹಿಡಿದುಕೊಂಡು ಜಗ್ಗಾಡಿದ್ದರು. ಅದು ಬಗೆಹರಿಯುವ ಮೊದಲೇ ಗುರುಸಿದ್ಧ ಬಾಹ್ಯಾಕಾಶಕ್ಕೆ ಹೊರಟುಹೋದ. ಈಗ ಅವನು ನೆಪ್ಚೂನ್ ಗ್ರಹವನ್ನೂ ದಾಟಿ ಎಲ್ಲೋ ಇದ್ದಾನೆ, ಅವಳು ಹುಬ್ಬಳ್ಳಿಯ ಕೇಶ್ವಾಪುರದ ಮನೆಯಲ್ಲಿದ್ದಾಳೆ, ಪ್ರಶ್ನೆ ಇದ್ದಲ್ಲೇ ಇದೆ.

ಜಗಳ ಶುರುವಾದದ್ದು ಒಂದು ಕ್ಯಾಲೆಂಡರಿನಿಂದ. ಗುರುಸಿದ್ಧ ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದ. ಅಲ್ಲಿಯ ಗೋಡೆಯ ಮೇಲೆ ಥಾರ್ ಮರುಭೂಮಿಯ ಚಿತ್ರವಿದ್ದ ಹಳೆಯ ಕ್ಯಾಲೆಂಡರೊಂದು ನೇತಾಡುತ್ತಿತ್ತು. ವರ್ಷ ಮುಗಿದರೂ ಅದನ್ನು ತೆಗೆಯಲು ಯಾರಿಗೂ ಮನಸ್ಸಾಗಿರಲಿಲ್ಲ. ದಿಬ್ಬದ ಮೇಲೆ ದಿಬ್ಬ, ನಡುವೆ ಒಂದು ಸಪೂರ ದಾರಿ, ನರಪಿಳ್ಳೆಯಿಲ್ಲ. ದಿನವಿಡೀ ಎಂಜಿನ್ನುಗಳ ಗದ್ದಲದಲ್ಲಿ ಕಿವಿ ಕೆಡಿಸಿಕೊಂಡವನಿಗೆ ಆ ಚಿತ್ರದ ಮೌನ ಹಿಡಿಸಿಬಿಟ್ಟಿತು.

"ಒಂದ ಸಲ ಹೋಗಿಬರೂಣು ಲೀಲಾ, ನಾವಿಬ್ಬರ," ಎಂದ ಒಂದು ದಿನ. "ಚಲೋದೊಂದು ಜೀಪ್ ತಗೊಂಡು."

ಅವಳು ಹೂಂ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಜೀಪಿನ್ಯಾಗ ಮೈ ಹಣ್ಣಾಗತೈತ್ರಿ. ಮೆಟಡೋರ್ ಇರ್ಲಿ. ಹಿಂದ ಕಾಲು ಚಾಚಿ ಮಲಕೋಬಹುದು, ಸ್ಟೋ ಇಟ್ಟು ಚಾ ಮಾಡ್ಕೋಬಹುದು."

"ಮೆಟಡೋರ್ ಉಸುಕಿನ್ಯಾಗ ಹೂತು ಕೂಡತೈತಿ. ಚಾ ಕುಡಕೋತ ಅಲ್ಲೇ ಇರ್ತೀಯೇನು?"

"ಇರ್ತೀನಿ. ನೀವು ಇಳದು ದಬ್ಬರಿ."

ಅಂದಿನಿಂದ ಅದು ಮನೆಯ ಮಾತಾಯಿತು. ಬದನೆಕಾಯಿ ಹೆಚ್ಚುವಾಗ, ಬಟ್ಟೆ ಮಡಚುವಾಗ, ಕರೆಂಟು ಹೋದಾಗ, ಯಾರಾದರೊಬ್ಬರು ಜೀಪು ಎಂದರೆ ಸಾಕು, ಇನ್ನೊಬ್ಬರು ಮೆಟಡೋರು ಎನ್ನುತ್ತಿದ್ದರು. ಹೋಗುವುದೊಂದು ಆಗಲಿಲ್ಲ. ಒಂದು ವರ್ಷ ಅತ್ತೆಗೆ ಹುಷಾರಿರಲಿಲ್ಲ, ಇನ್ನೊಂದು ವರ್ಷ ನಾದಿನಿ ಕಸ್ತೂರಿಯ ಮದುವೆ, ಮುಂದಿನ ವರ್ಷ ರಜೆ ಸಿಗಲಿಲ್ಲ. ಕಾಣದ ಮರಳುಗಾಡಿನಲ್ಲಿ ಅವರಿಬ್ಬರೂ ಹೀಗೆ ಕೂತಲ್ಲೇ ತಿರುಗಾಡಿದರು, ಅದರಲ್ಲೇ ಸುಖವಾಗಿದ್ದರು.

ಆಮೇಲೆ ಕಾಲ ಬದಲಾಯಿತು. ರಸ್ತೆಯ ಗಾಡಿಗಳೆಲ್ಲ ತಮ್ಮಷ್ಟಕ್ಕೆ ಓಡತೊಡಗಿದವು. ಒಂದಕ್ಕೊಂದು ರೇಡಿಯೋದಲ್ಲಿ ಮಾತಾಡಿಕೊಂಡು, ದಾರಿ ಬಿಟ್ಟುಕೊಟ್ಟು, ಮನುಷ್ಯರನ್ನು ಸಾಮಾನಿನಂತೆ ಜೋಪಾನವಾಗಿ ಒಯ್ದು ಇಳಿಸತೊಡಗಿದವು. ಡೀಸೆಲ್ ಶೆಡ್ಡಿಗೆ ಬೀಗ ಬಿತ್ತು. ಅದೇ ಹೊತ್ತಿಗೆ ಸೌರಮಂಡಲದ ಅಂಚಿಗೆ ಹೋಗಲಿದ್ದ 'ದೂರಯಾನಿ' ನೌಕೆಗೆ, ಬಿಡಿಭಾಗ ಸಿಗದ ಕಡೆ ಪಂಪನ್ನು ಕೈಯಿಂದಲೇ ಬಿಚ್ಚಿ ಜೋಡಿಸಬಲ್ಲ ಒಬ್ಬ ಮೆಕ್ಯಾನಿಕ್ ಬೇಕಾಗಿದ್ದ. ಗುರುಸಿದ್ಧ ಆಯ್ಕೆಯಾದ. "ಹ್ವಾದಾಂವ ಹಂಗ ಬಂದಬಿಡ್ತೀನಿ. ಬಂದ ಕೂಡ್ಲೆ ಜೀಪ್ ನೋಡೂಣು," ಎಂದು ಹೋದ.

ಬರಲಿಲ್ಲ. ಎಳ್ಳಿನ ಕಾಳಿನಷ್ಟು ಚಿಕ್ಕ ಕಲ್ಲಿನ ಚೂರೊಂದು ನೌಕೆಯ ದೊಡ್ಡ ಆಂಟೆನಾವನ್ನು ಹರಿದು, ಅದನ್ನು ಹಿಂದಿರುಗಿಸಬೇಕಾದ ಎಂಜಿನ್ನನ್ನೂ ಕೆಡಿಸಿ ಹೋಯಿತು. ಒಳಗಿನವರಿಗೆ ಏನೂ ಆಗಿಲ್ಲ. ಗಾಳಿ ಇದೆ, ನೀರು ಇದೆ, ಸೊಪ್ಪು ಬೆಳೆದುಕೊಂಡು ತಿನ್ನುತ್ತಾರೆ. ಆದರೆ ನೌಕೆ ತಿರುಗುವುದಿಲ್ಲ. ದೂರ ದೂರ ಹೋಗುತ್ತಲೇ ಇದೆ. ಉಳಿದ ಪುಟ್ಟ ಆಂಟೆನಾದಿಂದ ಮಾತಾಡಬೇಕಾದರೆ ತಿಂಗಳುಗಟ್ಟಲೆ ಕರೆಂಟು ಕೂಡಿಸಬೇಕು. ಅಷ್ಟು ಕೂಡಿಸಿದರೆ ಒಬ್ಬೊಬ್ಬರಿಗೆ ಸಿಗುವುದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು.

ಆ ಮಾತು ಭೂಮಿಗೆ ಬರುವಷ್ಟರಲ್ಲಿ ಅರ್ಧಕ್ಕರ್ಧ ಸವೆದುಹೋಗಿರುತ್ತಿತ್ತು. ಅದಕ್ಕೆಂದೇ ಬೆಂಗಳೂರಿನ ಸಂಪರ್ಕ ಕೇಂದ್ರದವರು 'ಧ್ವನಿಪೂರಕ' ಎಂಬ ಯಂತ್ರ ಮಾಡಿದ್ದರು. ಹೊರಟುಹೋದವರು ಹಿಂದೆ ಆಡಿದ ಮಾತುಗಳನ್ನೆಲ್ಲ ಅದಕ್ಕೆ ಉಣಿಸಿದ್ದರು. ಎಲ್ಲಿ ಮಾತು ಹರಿದಿದೆಯೋ ಅಲ್ಲಿ ಈ ಮನುಷ್ಯ ಏನೆಂದಿರಬಹುದು ಎಂದು ಊಹಿಸಿ, ಅವನದೇ ದನಿಯಲ್ಲಿ ಅದು ತೇಪೆ ಹಾಕುತ್ತಿತ್ತು. ಮನೆಯವರಿಗೆ ತಲುಪುವುದು ಹೊಲಿದು ಮುಗಿಸಿದ ಮಾತು. ಹೊಲಿಗೆ ಎಲ್ಲೂ ಕಾಣುತ್ತಿರಲಿಲ್ಲ.

ಶಿವಲೀಲಾಗೆ ಕಂಡಿತು. ಅವಳು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ರೈಲು ಬರುವ ಹೋಗುವ ಸುದ್ದಿ ಹೇಳುವ ಕೆಲಸದಲ್ಲಿದ್ದವಳು. ಅವಳ ದನಿಯನ್ನೇ ತುಂಡು ತುಂಡಾಗಿ ಹಿಡಿದಿಟ್ಟುಕೊಂಡು, ಊರಿನ ಹೆಸರಿಗೆ ಪ್ಲಾಟ್‌ಫಾರಂ ಜೋಡಿಸಿ, ರೈಲ್ವೆಯವರು ಇವತ್ತಿಗೂ ಕೂಗಿಸುತ್ತಾರೆ. ಸ್ಟೇಷನ್ನಿಗೆ ಹೋದಾಗಲೆಲ್ಲ ತಾನು ಆಡದ ಮಾತನ್ನು ತನ್ನ ಬಾಯಿಂದಲೇ ಕೇಳಿ ಅವಳಿಗೆ ಇರಿಸುಮುರಿಸಾಗುತ್ತಿತ್ತು. ಜೋಡಿಸಿದ ಮಾತಿನ ಹಿಂದೆ ಉಸಿರು ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೀಗೆ ಒಂದು ಸಲ ಮಾತು ಬಂದ ದಿನ ಕಸ್ತೂರಿಯೂ ಮನೆಯಲ್ಲಿದ್ದಳು. ಗಂಡನ ಮನೆ ಧಾರವಾಡದಲ್ಲಾದರೂ ಅಣ್ಣನ ದನಿ ಬರುವ ದಿನ ಅವಳು ತಪ್ಪಿಸುತ್ತಿರಲಿಲ್ಲ. ಇಬ್ಬರೂ ಅಡುಗೆಮನೆಯ ಕಟ್ಟೆಯ ಮೇಲೆ ಸ್ಪೀಕರ್ ಇಟ್ಟುಕೊಂಡು ಕೂತರು.

"ಲೀಲಾ, ಊಟ ಆತೇನು?" ಎಂದಿತು ಗುರುಸಿದ್ಧನ ದನಿ, ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿ. "ನಾ ಆರಾಮ ಇದ್ದೀನಿ. ನಾ ಹೋಗಬಾರದಿತ್ತು ಅಂತ ಹ್ವಾದ ಸಲ ಅಂದಿದ್ದಿ. ನೀ ಹೇಳಿದ್ದ ಖರೆ."

ಕಸ್ತೂರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೇಳಿದ್ರ್ಯಾ ವೈನಿ? ಅಣ್ಣಗ ಎಷ್ಟ ಸಂಕಟ ಆಗೈತಿ ನೋಡ್ರಿ."

ಶಿವಲೀಲಾಳ ಹುಬ್ಬು ಗಂಟಿಕ್ಕಿತ್ತು. "ಇದು ನಿಮ್ಮಣ್ಣ ಅಲ್ಲ."

"ಹಂಗ್ಯಾಕ ಅಂತೀರಿ?"

"ನೀ ಹೇಳಿದ್ದ ಖರೆ ಅಂತ ನಿಮ್ಮಣ್ಣ ಎಂದರ ಅಂದಾರೇನು? ಮಳಿ ಬರಾಕತ್ತೈತಿ ಅಂದ್ರ ಕಿಟಕಿಗೆ ಹೋಗಿ ಕೈ ಹೊರಗ ಚಾಚಿ ನೋಡೂ ಮನಷ್ಯಾ ಅವರು."

ಹೇಳುವಾಗ ನಗೆಯಂತೆ ಬಂದದ್ದು ಹೇಳಿ ಮುಗಿದ ಮೇಲೆ ನಗೆಯಾಗಿ ಉಳಿಯಲಿಲ್ಲ. ಅಲ್ಲಿ ನಿಜವಾಗಿ ಅವನಿದ್ದಾನೋ, ಬರೀ ಯಂತ್ರ ತನ್ನನ್ನು ಸಮಾಧಾನ ಮಾಡುತ್ತಿದೆಯೋ? ಅವನ ಕೆಮ್ಮು, ಅವನ ತಡವರಿಕೆ, ಮಾತಿನ ನಡುವೆ ಅವನು ಮೂಗಿನಿಂದ ತೆಗೆಯುವ ಉಸಿರು, ಇವು ಯಾವುವೂ ಬಾರದೆ ಎಷ್ಟು ಕಾಲವಾಗಿತ್ತು! ಅವಳಿಗೆ ಅವನ ಸುದ್ದಿ ಬೇಕಾಗಿರಲಿಲ್ಲ. ಅವನು ಬೇಕಾಗಿದ್ದ, ಅಥವಾ ಅವನಲ್ಲಿ ಉಳಿದದ್ದೇನಿದೆಯೋ ಅದು ಹೊಲಿಗೆಯಿಲ್ಲದೆ ಬೇಕಾಗಿತ್ತು.

ಮರುವಾರವೇ ಅವಳು ಬೆಂಗಳೂರಿನ ಸಂಪರ್ಕ ಕೇಂದ್ರದಲ್ಲಿ ಹೋಗಿ ಕೂತಳು. ಅವಳನ್ನು ಮಾತಾಡಿಸಿದವಳು ಹರಿಣಾಕ್ಷಿ ಎಂಬ ವಿಜ್ಞಾನಿ, ಮಂಗಳೂರಿನ ಕಡೆಯವಳು. ನೌಕೆಯ ಸದ್ದು ಹಿಡಿಯುವ ತಂಡದಲ್ಲಿದ್ದಳು. ಗಾಜಿನ ಗೋಡೆಯ ಆಚೆ ಹತ್ತಾರು ಪರದೆಗಳ ಮೇಲೆ ಹಸಿರು ಗೆರೆಗಳು ನಡುಗುತ್ತಿದ್ದವು.

"ನನ್ನ ಗಂಡಂದು ಎಷ್ಟು, ನಿಮ್ಮ ಮಷೀನಿಂದು ಎಷ್ಟು? ಖರೆ ಹೇಳ್ರಿ," ಎಂದಳು ಶಿವಲೀಲಾ.

ಹರಿಣಾಕ್ಷಿ ಗಾಜಿನ ಆಚೆಯ ಪರದೆಗಳ ಕಡೆ ನೋಡಿದಳು. "ಅರ್ಧ ಅವರದ್ದು ಇರಬಹುದು. ಯಾವ ಅರ್ಧ ಅಂತ ಈಗ ನಮಗೂ ಹೇಳ್ಲಿಕ್ಕೆ ಆಗುದಿಲ್ಲ. ತುಂಬಿಸಿ ಆದ ಮೇಲೆ ಕಚ್ಚಾ ಸದ್ದನ್ನು ಇಟ್ಟುಕೊಳ್ಳುವ ಕ್ರಮ ಇಲ್ಲ."

"ಯಾಕ ಇಲ್ಲ?"

"ಒಮ್ಮೆ ಒಬ್ಬರ ತಾಯಿಗೆ ಕೇಳಿಸಿದ್ದೆವು. ಬರೇ ಗೊರಗೊರ ಸದ್ದು, ಮಧ್ಯದಲ್ಲಿ ಮಗ 'ಅಮ್ಮ' ಅಂದ ಹಾಗೆ. ಅವರು ಎಚ್ಚರ ತಪ್ಪಿ ಬಿದ್ದರು. ಆಮೇಲೆ ಬೇಡ ಅಂತ ಮೇಲಿನವರು ತೀರ್ಮಾನ ಮಾಡಿದರು." ಅವಳು ದನಿ ತಗ್ಗಿಸಿದಳು. "ಅಕ್ಕಾ, ಇನ್ನೊಂದು ವಿಷಯ ಉಂಟು. ನೌಕೆ ತುಂಬ ದೂರ ಹೋಯ್ತು. ಮುಂದಿನ ಸಲದ್ದೇ ಕೊನೆ. ಅದಾದ ಮೇಲೆ ಅವರು ಮಾತಾಡಿದರೂ ನಮಗೆ ಕೇಳುದಿಲ್ಲ."

ಶಿವಲೀಲಾ ಮೇಜಿನ ಅಂಚು ಹಿಡಿದುಕೊಂಡಳು. ಅವಳಿಗೆ ಇದು ಎಂದಾದರೂ ಬರುವ ಮಾತೆಂದು ಗೊತ್ತಿತ್ತು. ಇವತ್ತು ಬರುತ್ತದೆಂದು ಗೊತ್ತಿರಲಿಲ್ಲ.

"ಕಚ್ಚಾದ ಕೇಳಬೇಕು ನಾನು. ಏನ ಮಾಡಲಿ?"

ದಾರಿ ಒಂದಿತ್ತು. ಸದ್ದು ಮೊದಲು ಬಂದು ಬೀಳುವುದು ಥಾರ್ ಮರುಭೂಮಿಯ ನಡುವಿನ ಆಲಿಕೆ ಕೇಂದ್ರದಲ್ಲಿ. ನೆಲದಲ್ಲಿ ತೋಡಿದ ಕೆರೆಯಷ್ಟು ದೊಡ್ಡ ಬಟ್ಟಲು ಅಲ್ಲಿದೆ. ಅದರ ಸುತ್ತಲಿನ ಪ್ರದೇಶಕ್ಕೆ ಮೌನವಲಯ ಎಂದು ಹೆಸರು; ಒಳಗೆ ಫೋನಿಲ್ಲ, ರೇಡಿಯೋ ಇಲ್ಲ, ತಾನೇ ಓಡುವ ಗಾಡಿಯಂತೂ ಇಲ್ಲವೇ ಇಲ್ಲ. ಮನೆಯವರು ಅಲ್ಲಿಗೆ ಬಂದು ನೇರವಾಗಿ ಕೇಳಲು ನಿಯಮದಲ್ಲಿ ಅಡ್ಡಿಯಿರಲಿಲ್ಲ. ಆದರೆ ಸ್ವಂತ ಗಾಡಿಯಲ್ಲಿ ಬರಬೇಕು, ಆ ಗಾಡಿ ಒಂದು ಚೂರೂ ರೇಡಿಯೋ ಸದ್ದು ಮಾಡಬಾರದು. ಬನ್ನಿ ಎಂದು ಬಾಗಿಲು ತೆರೆದಿಟ್ಟು ಹೊಸಿಲಿನಲ್ಲಿ ಗುಂಡಿ ತೋಡಿದ ಹಾಗಿತ್ತು ಆ ನಿಯಮ. ಇಷ್ಟು ವರ್ಷಗಳಲ್ಲಿ ಒಬ್ಬರೂ ಹೋಗಿರಲಿಲ್ಲ.

"ಪೆಟ್ರೋಲ್ ಗಾಡಿ ಆಗುದಿಲ್ಲ, ಅದರಲ್ಲಿ ಕಿಡಿ ಹಾರ್ತದೆ, ಕಿಡಿ ಅಂದ್ರೆ ರೇಡಿಯೋ ಗದ್ದಲ. ಬ್ಯಾಟರಿ ಗಾಡಿ ಇನ್ನೂ ಕೆಟ್ಟದು," ಎಂದಳು ಹರಿಣಾಕ್ಷಿ. "ಹಳೇ ಡೀಸೆಲ್ ಆದ್ರೆ ಆಗ್ತದೆ. ಅದರಲ್ಲಿ ಗಾಳಿ ಒತ್ತಿಯೇ ಎಣ್ಣೆ ಉರಿಯುದು, ಕಿಡಿ ಬೇಡ. ಆದರೆ ಅಂಥ ಗಾಡಿ ಈಗ ಎಲ್ಲುಂಟು ಮಾರಾಯ್ರೆ?"

ಶಿವಲೀಲಾಗೆ ಇದ್ದಕ್ಕಿದ್ದಂತೆ ನಗು ಬಂತು. ಡೀಸೆಲ್ ಗಾಡಿ, ಮರಳುಗಾಡು. ಇಬ್ಬರೂ ಸೇರಿ ಹೋಗಬೇಕಿದ್ದಲ್ಲಿಗೆ ಈಗ ಒಬ್ಬಳೇ ಹೋಗಬೇಕು, ಗಾಡಿಯನ್ನೂ ಒಬ್ಬಳೇ ಆರಿಸಬೇಕು.

ನೌಕೆಗೆ ಕೊನೆಯದಾಗಿ ಒಂದು ಮಾತು ಕಳಿಸಲು ಅವಳಿಗೂ ಅವಕಾಶವಿತ್ತು. ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ಕೂತಾಗ ಹೇಳಬೇಕೆಂದುಕೊಂಡಿದ್ದ ದೊಡ್ಡ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ ಹೀಗೆಂದಳು: "ನಿಮ್ಮ ದನಿ ಕೇಳಾಕ ಮರಳುಗಾಡಿಗೆ ಹೊಂಟೀನ್ರಿ. ಜೀಪ್ ತಗೊಳ್ಲ್ಯೋ, ಮೆಟಡೋರ್ ತಗೊಳ್ಲ್ಯೋ? ಹೇಳ್ರಿ." ಹೊರಗೆ ಬಂದ ಮೇಲೆ, ಇದರ ಉತ್ತರ ಕೇಳಬೇಕಾದರೆ ಅದಕ್ಕೂ ಮೊದಲೇ ಗಾಡಿ ಆರಿಸಿ ಅಲ್ಲಿ ಮುಟ್ಟಿರಬೇಕಲ್ಲ ಎಂಬುದು ಹೊಳೆಯಿತು. ಹೊಳೆದರೂ ಮಾತು ಬದಲಿಸಬೇಕೆನಿಸಲಿಲ್ಲ.

ತಾನೂ ಬರುತ್ತೇನೆಂದು ಕಸ್ತೂರಿ ಹಟ ಹಿಡಿದಳು. ಮೊದಲು ಒಂಟೆಯ ಮೇಲೆ ಹೋಗೋಣವೇ ಎಂದಳು, ಒಂಟೆ ರೇಡಿಯೋ ಸದ್ದು ಮಾಡುವುದಿಲ್ಲವಲ್ಲ ಎಂದು. ಆಮೇಲೆ ತನ್ನ ಗಂಡನ ಪರಿಚಯದ ಮೌಲಾಸಾಬನ ಗುಜರಿಗೆ ವೈನಿಯನ್ನು ಕರೆದುಕೊಂಡು ಹೋದಳು. ಬೈಪಾಸ್ ಪಕ್ಕದ ಆ ಬಯಲಿನಲ್ಲಿ ಮುರಿದ ಬಸ್ಸುಗಳು, ತುಕ್ಕು ತಿಂದ ಟ್ರ್ಯಾಕ್ಟರುಗಳು ಒಂದರ ಮೇಲೊಂದು ಬಿದ್ದಿದ್ದವು. ಮೂಲೆಯಲ್ಲಿ ತಾಡಪತ್ರಿ ಹೊದ್ದುಕೊಂಡು ಎರಡು ಗಾಡಿಗಳು ನಿಂತಿದ್ದವು.

"ಎಲ್ಲಾ ಹುಡುಕಿದ್ರೂ ಓಡೂವು ಇವೆರಡ ನೋಡ್ರೆವಾ," ಎಂದು ಮೌಲಾಸಾಬ ತಾಡಪತ್ರಿ ಎಳೆದ. ಒಂದು ಜೀಪು. ಒಂದು ಮೆಟಡೋರು.

ಶಿವಲೀಲಾ ಮೊದಲು ಮೆಟಡೋರನ್ನು ಹತ್ತಿದಳು. ಒಳಗೆ ಉದ್ದುದ್ದ ಸೀಟು, ಕಿಟಕಿಗೆ ಪರದೆ ಕಟ್ಟುವ ಕಂಬಿ, ಹಿಂದೆ ಸ್ಟೋ ಇಡಲು ಹೇಳಿ ಮಾಡಿಸಿದಂಥ ಜಾಗ. ಇಷ್ಟು ವರ್ಷ ಅವಳು ಮಾತಿನಲ್ಲಿ ಕಟ್ಟಿದ್ದ ಮನೆಯೇ ಅದು. ಸೀಟಿನ ಮೇಲೆ ಕಾಲು ಚಾಚಿ ನೋಡಿದಳು, ಸರಿಯಾಗಿ ಹಿಡಿಸಿತು. ಎದುರಿನ ಸೀಟು ಖಾಲಿಯಿತ್ತು. ಅಲ್ಲಿ ಕೂತು, ಚಹಾದ ಲೋಟ ಹಿಡಿದುಕೊಂಡು, ಹೂತು ಕೂಡತೈತಿ ನೋಡು ಎನ್ನುವವನು ಇರಲಿಲ್ಲ. ಅವಳು ಇಳಿದುಬಿಟ್ಟಳು.

ಜೀಪಿನ ಸೀಟು ಕಲ್ಲಿನಂತಿತ್ತು. ಗೇರಿನ ಕೋಲು ಮೊಣಕಾಲಿಗೆ ಬಡಿಯಿತು. ಅದರ ಗುಂಡು ತಲೆ ಯಾರದೋ ಅಂಗೈ ತಿಕ್ಕಿ ನುಣುಪಾಗಿತ್ತು. ಅವಳು ಅದರ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಳು.

"ಇದ ಇರ್ಲಿ," ಎಂದಳು.

ಕಸ್ತೂರಿ ಬೆರಗಾದಳು. "ಅಯ್ಯ ವೈನಿ, ಜಲ್ಮದಾಗ ಮೆಟಡೋರ್ ಬಿಟ್ಟ ಮಾತಾಡಿಲ್ಲ ನೀವು!"

"ಎದುರಿಗೆ ಅವರಿಲ್ಲ. ಗೆದ್ದು ಏನ ಮಾಡ್ಲಿ?" ಎಂದಳು ಶಿವಲೀಲಾ.

ಮುಂದಿನ ದಿನಗಳು ಗಾಡಿ ಕಲಿಯುವುದರಲ್ಲಿ ಹೋದವು. ಸ್ಟಿಯರಿಂಗ್ ಹಿಡಿಯುವುದನ್ನೇ ಜಗತ್ತು ಮರೆತಿದ್ದ ಕಾಲ ಅದು. ಮೌಲಾಸಾಬನ ಬಯಲಿನಲ್ಲಿ ವೈನಿ ನಾದಿನಿ ಇಬ್ಬರೂ ಕ್ಲಚ್ಚು ಬಿಡುವಷ್ಟರಲ್ಲಿ ಜೀಪು ಕಪ್ಪೆಯಂತೆ ಕುಪ್ಪಳಿಸಿ ಆರಿಹೋಗುತ್ತಿತ್ತು. ಅದಾದ ಮೇಲೆ ಹರಿಣಾಕ್ಷಿ ಹೇಳಿದಂತೆ ಗಾಡಿಯೊಳಗಿನ ಸದ್ದು ಮಾಡುವ ಸಾಮಾನೆಲ್ಲ ಕಿತ್ತರು. ಹಾಡಿನ ಡಬ್ಬಿ ಹೋಯಿತು, ಗಡಿಯಾರ ಹೋಯಿತು, ಯಾರೋ ಆಮೇಲೆ ಕೂರಿಸಿದ್ದ ಫ್ಯಾನು ಹೋಯಿತು. ಒಂದೊಂದು ತಂತಿಯನ್ನೂ ಶಿವಲೀಲಾ ಬೆರಳಿನಿಂದ ಎಳೆದು, ಎಲ್ಲಿಗೆ ಹೋಗಿದೆ ಎಂದು ನೋಡಿ, ಬೇಡದ್ದನ್ನು ಕತ್ತರಿಸಿದಳು. ಅವನ ದನಿಗೆ ತನ್ನ ಗಾಡಿಯಿಂದ ಒಂದು ಗೀರೂ ಬೀಳಬಾರದೆಂದು ಅವಳಿಗೆ ಒಂದೇ ಧ್ಯಾನ.

ಹೊರಡುವ ಬೆಳಿಗ್ಗೆ ಕಸ್ತೂರಿ ಜೀಪಿಗೆ ಪೂಜೆ ಮಾಡಿದಳು. ಬಾನೆಟ್ಟಿಗೆ ವಿಭೂತಿಯ ಪಟ್ಟೆ ಎಳೆದು, ಚೆಂಡು ಹೂವಿನ ಮಾಲೆ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಕೊನೆಗೆ ಚೀಲದಿಂದ ಅಂಗೈಯಷ್ಟು ದೊಡ್ಡ ಗಣಪನೊಬ್ಬನನ್ನು ತೆಗೆದು ಸ್ಟಿಯರಿಂಗಿನ ಮುಂದೆ ಅಂಟಿಸಿದಳು.

"ಅಷ್ಟು ದೂರ ಹೊಂಟೀವಿ, ದೇವರಿಲ್ಲದ ಹ್ಯಾಂಗ ಹೋಗೂದ್ರಿ?"

"ಇರ್ಲಿ ಬಿಡು," ಎಂದು ಶಿವಲೀಲಾ ಸೊಟ್ಟಗೆ ಕೂತಿದ್ದ ಗಣಪನನ್ನು ತಾನೇ ನೆಟ್ಟಗೆ ತಿರುಗಿಸಿ ಕೈ ಮುಗಿದಳು. ಅವನ ತಲೆಯ ಹಿಂದೆ ಉಗುರಿನಗಲದ ಪ್ರಭಾವಳಿ ಇತ್ತು. ಹಗಲು ಬಿಸಿಲು ಕುಡಿದು, ಕತ್ತಲಾದ ಕೂಡಲೇ ತಾನಾಗಿ ಕೆಂಪು ಹಸಿರು ಮಿನುಗುವ ಜಾತಿಯದು. ತಂತಿ ತಂತಿ ಹುಡುಕಿ ಕತ್ತರಿಸಿದ್ದ ಅವಳಿಗೆ ಅದೂ ಒಂದು ಯಂತ್ರ ಎಂದು ಹೊಳೆಯಲೇ ಇಲ್ಲ. ದೇವರನ್ನು ಯಾರು ಸಾಮಾನಿನ ಲೆಕ್ಕಕ್ಕೆ ಹಿಡಿಯುತ್ತಾರೆ?

ದಾರಿ ದೊಡ್ಡದಿತ್ತು. ತಾನೇ ಓಡುವ ಗಾಡಿಗಳು ಈ ಹೊಗೆಯುಗುಳುವ ಮುದಿ ಪ್ರಾಣಿಯನ್ನು ಕಂಡು ದೂರದಿಂದಲೇ ಸರಿದು ನಿಲ್ಲುತ್ತಿದ್ದವು. ಒಳಗಿನ ಜನ ಕಿಟಕಿಗೆ ಮುಖ ಒತ್ತಿ ನೋಡುತ್ತಿದ್ದರು. ಸಂಜೆಯಾಗುವ ಮೊದಲೇ ಇಬ್ಬರೂ ಯಾವುದಾದರೊಂದು ಊರು ಹಿಡಿದು, ಬುತ್ತಿಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಧರ್ಮಶಾಲೆಯಲ್ಲಿ ಮಲಗುತ್ತಿದ್ದರು. ಹೀಗಾಗಿ ಕತ್ತಲಲ್ಲಿ ಗಣಪ ಮಿನುಗುವುದನ್ನು ನೋಡಲು ಗಾಡಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಮಹಾರಾಷ್ಟ್ರ ಮುಗಿಯಿತು, ಗುಜರಾತ್ ಮುಗಿಯಿತು. ಒಂದು ಬೆಳಿಗ್ಗೆ ಡಾಂಬರು ಸವೆದು ರಸ್ತೆಯ ಮೇಲೆ ಮರಳು ಹರಿದಾಡತೊಡಗಿತು. ಆಮೇಲೆ ದಿಬ್ಬದ ಮೇಲೆ ದಿಬ್ಬ, ನಡುವೆ ಒಂದು ಸಪೂರ ದಾರಿ. ಶಿವಲೀಲಾ ಜೀಪು ನಿಲ್ಲಿಸಿ ಇಳಿದಳು. ಕ್ಯಾಲೆಂಡರಿನ ಚಿತ್ರ ಸುಳ್ಳು ಹೇಳಿರಲಿಲ್ಲ. ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮರಳಿನ ಮೇಲೆ ನಿಂತು, ಅವನು ನೋಡಬೇಕಿದ್ದುದನ್ನೆಲ್ಲ ಅವನ ಪಾಲಿಗೂ ಸೇರಿಸಿ ನೋಡಿದಳು.

ಮಧ್ಯಾಹ್ನ ಒಂದು ದಿಬ್ಬದಲ್ಲಿ ಗಾಲಿಗಳು ಹೂತವು. ಶಿವಲೀಲಾ ಗುಜರಿಯಲ್ಲಿ ಕಲಿತಂತೆ ನಾಲ್ಕೂ ಗಾಲಿಗೆ ಜೀವ ಕೊಡುವ ಸಣ್ಣ ಗೇರು ಹಾಕಿದಳು. ಜೀಪು ಗೊರಕೆ ಹೊಡೆದು, ನಡುಗಿ, ಒಂದೊಂದೇ ಹೆಜ್ಜೆ ಕಿತ್ತು ಮೇಲೆ ಬಂತು. ದಿಬ್ಬದ ನೆತ್ತಿಯಲ್ಲಿ ನಿಂತು ಅವಳು ಬಿಳಿಚಿದ ಆಕಾಶದ ಕಡೆ ನೋಡಿ ಗಟ್ಟಿಯಾಗಿ ಹೇಳಿದಳು: "ಆತ್ರೀ, ನೀವು ಹೇಳಿದ್ದ ಖರೆ. ಮೆಟಡೋರ್ ಆಗಿದ್ರ ಇಲ್ಲೇ ಕೂಡತಿತ್ತು."

ಜನ್ಮದಲ್ಲಿ ಮೊದಲ ಸಲ ಒಪ್ಪಿಕೊಂಡದ್ದು. ಕೇಳಬೇಕಾದವನಿಗೆ ಕೇಳಲಿಲ್ಲ.

ಮೌನವಲಯದ ಗೇಟಿನಲ್ಲಿ ಕಾವಲುಗಾರ ಅವರ ಫೋನುಗಳನ್ನು ತೆಗೆದುಕೊಂಡು ಉಕ್ಕಿನ ಪೆಟ್ಟಿಗೆಗೆ ಹಾಕಿದ. ಕಸ್ತೂರಿಯ ಕೈಗಡಿಯಾರವನ್ನೂ ಬಿಚ್ಚಿಸಿದ. ಎಂಜಿನ್ ಆರಿಸಲು ಹೇಳಿ, ಸದ್ದು ಮೂಸುವ ಕೋಲನ್ನು ಜೀಪಿನ ಸುತ್ತ ಆಡಿಸಿದ. ನೆತ್ತಿ ಸುಡುವ ಬಿಸಿಲಿತ್ತು; ಗಣಪನ ಪ್ರಭಾವಳಿ ನಿದ್ದೆಯಲ್ಲಿತ್ತು. ಕೋಲಿನ ಮುಳ್ಳು ಅಲುಗಲಿಲ್ಲ. ಕರೆಂಟಿನದು ಇನ್ನೇನಾದರೂ ಇದೆಯೇ ಎಂದು ಹಿಂದಿಯಲ್ಲಿ ಕೇಳಿದ. ಶಿವಲೀಲಾ ಏನೂ ಇಲ್ಲವೆಂದು ತಲೆಯಾಡಿಸಿದಳು. ಅವನೂ ಬಗ್ಗಿ ಗಣಪನಿಗೆ ಕೈ ಮುಗಿದು ಗೇಟು ಎತ್ತಿದ.

ಹರಿಣಾಕ್ಷಿ ಮೊದಲೇ ಅಲ್ಲಿಗೆ ಬಂದಿದ್ದಳು. ಜೀಪು ಕಂಡು ಅವಳು ಓಡಿಬಂದು ಇಬ್ಬರ ಕೈಯನ್ನೂ ಹಿಡಿದುಕೊಂಡಳು. "ಬಂದೇ ಬಂದಿರಲ್ಲ ಮಾರಾಯ್ರೆ! ನಾನು ಅಂತೂ ಎಣಿಸಿರ್ಲಿಲ್ಲ." ಜೀಪನ್ನು ಬಟ್ಟಲಿನ ಅಂಚಿನ ಹುಲ್ಲಿನ ಚಪ್ಪರದ ಕೆಳಗೆ ನಿಲ್ಲಿಸಿ, ಅವರನ್ನು ಒಳಗೆ ಕರೆದೊಯ್ದಳು. ಕೇಂದ್ರದ ಯಂತ್ರಗಳೆಲ್ಲ ತಾಮ್ರದ ತಗಡು ಹೊದಿಸಿದ ಒಂದೇ ಕೋಣೆಯೊಳಗಿದ್ದವು, ಅವುಗಳ ಗದ್ದಲ ಹೊರಗೆ ಹೋಗದಂತೆ.

ನೌಕೆ ಬಟ್ಟಲಿನ ನೇರಕ್ಕೆ ಬರುವುದು ಸೂರ್ಯ ಮುಳುಗುವ ಹೊತ್ತಿಗೆ. ಶಿವಲೀಲಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಇನ್ನೊಂದನ್ನು ಕಸ್ತೂರಿ ಹಾಕಿಕೊಂಡಳು. ಮೊದಲು ಬರೀ ಸುಯ್ಯೆನ್ನುವ ಸದ್ದು. ನೌಕೆಯ ಇತರರು ಒಬ್ಬೊಬ್ಬರಾಗಿ ಬಂದು ಹೋದರು. ಅವರ ಮಾತು ಅವರವರ ಮನೆಗೆ. ಆಮೇಲೆ ಒಂದು ಕೆಮ್ಮು.

ಶಿವಲೀಲಾ ಕಣ್ಣು ಮುಚ್ಚಿದಳು. ಆ ಕೆಮ್ಮನ್ನು ಯಾವ ಯಂತ್ರವೂ ಹೊಲಿಯಲಾರದು. ಮೂಗಿನಿಂದ ಎಳೆದ ಉಸಿರು. ತಡವರಿಕೆ. ಇದ್ದ, ಅವನು ಇದ್ದ.

"ಲೀಲಾ... ಊಟ ಆತೇನು?" ದನಿ ಸವೆದಿತ್ತು, ಅಲ್ಲಲ್ಲಿ ಮರಳು ತಿಂದಂತಿತ್ತು. "ಮರಳುಗಾಡಿಗೆ ಹೊಂಟೀನಿ ಅಂದಿ. ಬಾಳ ಚಲೋ ಆತು. ಗಾಡಿ ಕೇಳಿದಿ... ಮೆಟಡೋರ್ ತಗೋ."

ಅವಳು ಥಟ್ಟನೆ ಕಣ್ಣು ತೆರೆದಳು.

"ನೀ ಹೇಳಿದ್ದ ಖರೆ. ನಾ ಎಷ್ಟ ದಿವಸ ಆತು ಇದನ್ನ ಹೇಳಬೇಕಂತ ಮಾಡಿದ್ದೆ. ಮೆಟಡೋರ್ ತಗೋ. ಯಾಕಂದ್ರ..."

ಹೊರಗೆ ಸೂರ್ಯ ದಿಬ್ಬದ ಹಿಂದೆ ಇಳಿದ. ಚಪ್ಪರದ ಕೆಳಗೆ ಕತ್ತಲು ಕೂಡಿತು. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಟಿಕ್ ಎಂದು ಗಡಸಾದ ಸದ್ದೊಂದು ಎದ್ದು ಎಲ್ಲವನ್ನೂ ಮುಚ್ಚಿಬಿಟ್ಟಿತು.

"ಇದು ಆಕಾಶದ್ದಲ್ಲ!" ಹರಿಣಾಕ್ಷಿ ಎದ್ದು ನಿಂತಳು. "ಇಲ್ಲಿಯದ್ದೇ, ಹತ್ತಿರದ್ದೇ. ನಿಮ್ಮ ಹತ್ರ ಏನಾದ್ರೂ ಉಂಟಾ? ಗಾಡಿಯಲ್ಲಿ?"

ಶಿವಲೀಲಾ ಕೇಳಿಸಿಕೊಳ್ಳಲಿಲ್ಲ. ಆ ಟಿಕ್ ಟಿಕ್ಕಿನ ಅಡಿಯಲ್ಲಿ ಅವನ ದನಿ ಏರುವುದು, ಇಳಿಯುವುದು ಅವಳಿಗೆ ತಿಳಿಯುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ಅವಳು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದು, "ಏನಂದ್ರಿ? ರೀ, ಏನಂದ್ರಿ?" ಎಂದು ಕೂಗುತ್ತಿದ್ದಳು.

ಕಸ್ತೂರಿ ಬಾಗಿಲು ಸರಿಸಿ ನೋಡಿದಳು. ಹೊರಗೆ ಕತ್ತಲಾಗಿತ್ತು. "ಗಣಪ!" ಎಂದವಳೇ ಬರಿಗಾಲಲ್ಲಿ ಓಡಿದಳು. ಕೆಂಪು ಹಸಿರು ಮಿನುಗುತ್ತಿದ್ದ ಪ್ರಭಾವಳಿಯನ್ನು ಕಿತ್ತು ಕಲ್ಲಿನಿಂದ ಜಜ್ಜಿದಳು.

ಟಿಕ್ ಟಿಕ್ ನಿಂತಿತು.

"...ನಗಬ್ಯಾಡ ಮತ್ತ," ಎನ್ನುತ್ತಿತ್ತು ಗುರುಸಿದ್ಧನ ದನಿ, ತಾನೇ ಸ್ವಲ್ಪ ನಗುತ್ತ. "ಹೂಂ. ಇಷ್ಟ. ಇಡ್ತೀನಿ ಹಂಗಾರ."

"ಹೂಂ," ಎಂದಳು ಶಿವಲೀಲಾ.

ಆಮೇಲೆ ಸುಯ್ಯೆನ್ನುವ ಸದ್ದಷ್ಟೇ ಉಳಿಯಿತು. ಅವಳು ಹೆಡ್‌ಫೋನ್ ತೆಗೆಯದೆ ಅದನ್ನೇ ಕೇಳುತ್ತ ಕೂತಳು.

ಕಸ್ತೂರಿ ಮುರಿದ ಪ್ರಭಾವಳಿ ಹಿಡಿದುಕೊಂಡು ಬಾಗಿಲಲ್ಲೇ ಕುಸಿದಿದ್ದಳು. "ನಾ ಹಾಳ ಮಾಡಿದ್ನಲ್ರೀ ವೈನಿ. ನಿಮ್ಮದೂ ಹಾಳ ಮಾಡಿದೆ, ನಂದೂ ಹಾಳ ಮಾಡ್ಕೊಂಡೆ." ಶಿವಲೀಲಾಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಒಂದು ವಾಕ್ಯ. ಜಗತ್ತಿನಲ್ಲಿ ಅವಳಿಗೆ ಬೇಕಾಗಿದ್ದ ಒಂದೇ ಒಂದು ವಾಕ್ಯ ಹೋಗಿತ್ತು. ಆದರೆ ಆ ಗಣಪನನ್ನು ನೆಟ್ಟಗೆ ಕೂರಿಸಿದ ಕೈ ತನ್ನದೇ ಎಂಬುದು ನೆನಪಾದಾಗ ಸಿಟ್ಟಿಗೆ ಹೋಗಲು ಜಾಗವಿಲ್ಲದೆ ಕಣ್ಣೀರು ಬಂತು.

ಬೆಳಿಗ್ಗೆ ಹರಿಣಾಕ್ಷಿ ಮೆತ್ತಗೆ ಮಾತು ತೆಗೆದಳು. "ಮುಚ್ಚಿಹೋದ ಭಾಗವನ್ನು ಬಿಡಿಸಿ ತೆಗೀಲಿಕ್ಕೆ ಆಗುದಿಲ್ಲ ಅಕ್ಕಾ, ನಾವು ನೋಡಿ ಆಯ್ತು. ಆದರೆ ಧ್ವನಿಪೂರಕ ಉಂಟಲ್ಲ. ಮೊದಲಿನ ಮಾತು ಗೊತ್ತುಂಟು, 'ನಗಬ್ಯಾಡ' ಅಂತ ಕೊನೆಯದ್ದೂ ಗೊತ್ತುಂಟು. ನಡುವಿಂದು ಅದು ತುಂಬಿಸ್ತದೆ. ಹೆಚ್ಚುಕಮ್ಮಿ ಅವರು ಹೇಳಿದ್ದೇ ಬರಬಹುದು."

ಶಿವಲೀಲಾ ಬಟ್ಟಲಿನ ಕಡೆ ನೋಡಿದಳು. ನೀ ಹೇಳಿದ್ದ ಖರೆ ಎಂದು ಹೋದ ಸಲ ಯಂತ್ರ ಹೇಳಿದಾಗ ತಾನು ನಂಬಿರಲಿಲ್ಲ. ಇವತ್ತು ಅದೇ ಮಾತನ್ನು ಅವನು ಕೆಮ್ಮಿ, ಉಸಿರೆಳೆದು ಹೇಳಿದ್ದ. ಹಾಗಾದರೆ ಅದೂ ಅವನದೇ ಆಗಿತ್ತೇನೋ. ಅಷ್ಟು ದೂರ, ಅಷ್ಟು ಕತ್ತಲಲ್ಲಿ, ತನ್ನ ಗಂಡ ತನಗೆ ತಿಳಿಯದಂತೆ ಸೋಲುವುದನ್ನು ಕಲಿತಿದ್ದ. ಇನ್ನೇನೇನು ಕಲಿತಿದ್ದನೋ, ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಅದು ಬಲ್ಲದ್ದು ಹಳೆಯ ಗುರುಸಿದ್ಧನನ್ನು.

"ಬ್ಯಾಡ್ರಿ. ಖಾಲೀನ ಇರ್ಲಿ. ಆ ಟಿಕ್ ಟಿಕ್ ಸುದ್ದಾ ಇರ್ಲಿ. ಹ್ಯಾಂಗ ಬಂದೈತೋ ಹಂಗ ಕೊಡ್ರಿ," ಎಂದಳು.

"ತುಂಬಿಸದೆ ಕೊಡುವ ಕ್ರಮ ಇಲ್ಲ..." ಎಂದು ಶುರುಮಾಡಿದ ಹರಿಣಾಕ್ಷಿ ಅವಳ ಮುಖ ನೋಡಿ ನಿಲ್ಲಿಸಿದಳು. "ಕೊಡ್ತೇನೆ," ಎಂದಳು.

ಜೀಪಿನಲ್ಲಿ ಕಸ್ತೂರಿ ಆಗಲೇ ಕೂತು, ಮಡಿಲಲ್ಲಿ ಗಣಪನನ್ನು ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಶಿವಲೀಲಾ ಅವಳ ಕೈಯಿಂದ ಪ್ರಭಾವಳಿಯಿಲ್ಲದ ಆ ಗಣಪನನ್ನು ತೆಗೆದುಕೊಂಡು ಮೊದಲಿನ ಜಾಗದಲ್ಲೇ ಅಂಟಿಸಿದಳು. ಎಂಜಿನ್ ಶುರುವಾಯಿತು. ಗೇಟು ದಾಟಿದರು, ದಿಬ್ಬಗಳು ಒಂದೊಂದಾಗಿ ಹಿಂದೆ ಸರಿದವು. 

"ವೈನಿ," ಎಂದಳು ಕೊನೆಗೆ ಕಸ್ತೂರಿ, ಹೆದರುತ್ತ. "ಯಾಕಂದ್ರ ಅಂದ ಮ್ಯಾಲೆ ಅಣ್ಣ ಏನಂದಿರಬೇಕ್ರಿ?"

ಶಿವಲೀಲಾ ಗೇರು ಬದಲಿಸಿದಳು. ಮೊಣಕಾಲಿಗೆ ಕೋಲು ಬಡಿಯಿತು.

"ಯಾಕಂದ್ರ ಅವರು ಮಾಡಿದ ಚಾ ಕುಡ್ಯಾಕ ಆಗೂದುಲ್ಲ, ನಾ ಮಾಡಿದ್ದ ಬೇಕು. ಜೀಪಿನ್ಯಾಗ ಸ್ಟೋ ಇಡಾಕ ಜಾಗ ಎಲ್ಲೈತಿ?"

"ಅಷ್ಟಕ್ಕ ನಗಬ್ಯಾಡ ಅಂತಾನೇನ್ರಿ?"

"ಇಲ್ಲಂದ್ರ... ಗಾಡಿ ಹೂತು ಕೂತ್ರ ಕೂಡ್ಲಿ, ಅಲ್ಲೇ ಇಬ್ಬರೂ ಇದ್ದಬಿಡೂಣು ಅಂದಿರಬೇಕು." ಹೇಳುತ್ತಿದ್ದಂತೆ ಅವಳಿಗೆ ನಗು ಬಂತು. ನಗಬ್ಯಾಡ ಎಂದಿದ್ದ. ಅವನ ಮಾತು ಅವಳು ಎಂದು ಕೇಳಿದ್ದಳು? "ಇಲ್ಲಂದ್ರ..."

ಮರಳು ಮುಗಿದು ಡಾಂಬರು ಶುರುವಾಯಿತು. ಊರಿಗೆ ಹೋದ ಕೂಡಲೇ ಮೌಲಾಸಾಬನ ಬಯಲಿನಲ್ಲಿ ಆ ಮೆಟಡೋರ್ ಇನ್ನೂ ಇದೆಯೇ ನೋಡಬೇಕು ಎಂದುಕೊಂಡಳು. ಸಂಜೆ ಮೊದಲ ಊರು ಸಿಗುವವರೆಗೂ ಅವಳ ಕಾರಣಗಳು ಮುಗಿದಿರಲಿಲ್ಲ.